ಚಂದಾ ನಿಮ್ಮದು, ಪಾಸು ನಮ್ಮದು

ತೆಲಂಗಾಣದ ಗಡಿಯ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಜನಕ್ಕೆ ಒಂದು ಭರ್ಜರಿ ಟೌನ್‌ಹಾಲ್ ಇದೆ. ಹಾಲುಬಿಳುಪಿನ ಗೋಡೆ, ತಲೆಯ ಮೇಲೆ ಗುಮ್ಮಟ, ಸುತ್ತಲೂ ಕಮಾನು, ಪಕ್ಕದಲ್ಲಿ ಬಾಗ್-ಎ-ಆಮ್ ಉದ್ಯಾನ. ಊರಿನಿಂದ ಸ್ವಲ್ಪ ದೂರ, ಹೈದರಾಬಾದಿನಲ್ಲಿದೆ, ಅಷ್ಟೇ. ಇನ್ನೊಂದು ಸಣ್ಣ ತೊಡಕೆಂದರೆ ಅದರೊಳಗೆ ನಮ್ಮನ್ನು ಬಿಡುವುದಿಲ್ಲ. ಅದಕ್ಕೀಗ ವಿಧಾನಸಭೆ ಅನ್ನುತ್ತಾರೆ. ನಮ್ಮ ಪರವಾಗಿ ಬೇರೆಯವರು ಹೋಗಿ ಅಲ್ಲಿ ಕೂತಿರುವುದರಿಂದ ನಾವು ಖುದ್ದಾಗಿ ಬರುವ ತೊಂದರೆ ತೆಗೆದುಕೊಳ್ಳಬಾರದಂತೆ.

ಈ ಕಟ್ಟಡದ ಜಾತಕ ಬಿಚ್ಚಿದರೆ ಮೊದಲ ಮನೆಯಲ್ಲೇ ಹುಟ್ಟುಹಬ್ಬವಿದೆ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರಿಗೆ 40 ತುಂಬಿತು. ಆ ಸಂತೋಷಕ್ಕೆ ನಾಗರಿಕರು ಚಂದಾ ಎತ್ತಿ ಟೌನ್‌ಹಾಲ್ ಕಟ್ಟಿಸಲು ಹೊರಟರು. ಜಗತ್ತಿನ ದೊಡ್ಡ ಸಿರಿವಂತ ಮನೆತನಗಳಲ್ಲಿ ಒಂದರ ಯಜಮಾನನಿಗೆ ಜನ ದುಡ್ಡು ಕೂಡಿಸಿ ಉಡುಗೊರೆ ಕೊಡುವುದೆಂದರೆ ಅದು ನಮ್ಮ ನೆಲದಲ್ಲಿ ಮಾತ್ರ ಆಗುವ ಮಾತು. ಇರುವವರಿಗೆ ಕೊಡುವುದರಲ್ಲಿ ನಾವು ಯಾವತ್ತೂ ಕೈ ಹಿಂದೆಗೆದವರಲ್ಲ. 1905ರಲ್ಲಿ ಅಡಿಗಲ್ಲು ಬಿತ್ತು. ಇಟ್ಟವರು ನಿಜಾಮರೇ. ಹೀಗೆ ತಮಗೆ ಬರಬೇಕಾದ ಉಡುಗೊರೆಗೆ ತಾವೇ ಶಂಕುಸ್ಥಾಪನೆ ಮಾಡಿಕೊಳ್ಳುವ ಪದ್ಧತಿ ಶುರುವಾಯಿತು. ಅದು ಇಂದಿಗೂ ನಿರಾತಂಕವಾಗಿ ನಡೆದುಕೊಂಡು ಬಂದಿದೆ.

ಕಟ್ಟಡ ಮುಗಿದದ್ದು 1913ರಲ್ಲಿ. ಮಹಬೂಬ್ ಅಲಿ ಖಾನರು ತೀರಿಕೊಂಡದ್ದು 1911ರಲ್ಲಿ. ಅಂದರೆ ಹುಟ್ಟುಹಬ್ಬದ ಉಡುಗೊರೆ ಕೈಸೇರುವ ಹೊತ್ತಿಗೆ ಹುಟ್ಟಿದವರೇ ಇರಲಿಲ್ಲ. ಸರ್ಕಾರಿ ಕಾಮಗಾರಿ ತಡವಾಗುವುದು ಪ್ರಜಾಪ್ರಭುತ್ವ ಬಂದ ಮೇಲಿನ ಪಿಡುಗು ಎಂದು ಹಲುಬುವ ಹಿರಿಯರು ಈ ಎರಡು ಇಸವಿಗಳನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ನಡುವೆ 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನೇ ಕೊಚ್ಚಿತ್ತು ಎಂಬುದನ್ನು ಒಪ್ಪೋಣ. ಆಗಿನವರಿಗೆ ತಡವಾಗಲು ಒಂದು ಕಾರಣವಾದರೂ ಇತ್ತು.

ಈ ನಿಜಾಮರು ನಮಗೆ ಪರಕೀಯರೇನಲ್ಲ. ಪಾಲಮೂರು ಎಂಬ ಊರಿಗೂ ಜಿಲ್ಲೆಗೂ 1890ರಲ್ಲಿ ಅವರದೇ ಹೆಸರಿಟ್ಟು ಮಹಬೂಬ್‌ನಗರ ಮಾಡಿದರು. ನಾರಾಯಣಪೇಟೆ, ಮಕ್ತಲ್ ಅದೇ ಜಿಲ್ಲೆಯಲ್ಲಿದ್ದವು. ಹಾವು ಕಚ್ಚಿದವರು ಮಹಬೂಬ್ ಪಾಷಾನ ಆಣೆ ಹಾಕಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆ ನಿಜಾಮ್ ಸೀಮೆಯಲ್ಲೆಲ್ಲ ಇತ್ತು. ಇವತ್ತು ಆ ಟೌನ್‌ಹಾಲಿನ ಅಂಗಳದಲ್ಲಿ ಓಡಾಡುವ ಯಾರ ಹೆಸರಿನ ಆಣೆ ಹಾಕಿದರೂ ವಿಷ ಇಳಿಯುವುದಿರಲಿ, ಸರ್ಕಾರಿ ದವಾಖಾನೆಯ ಕಾಂಪೌಂಡರ್ ತಲೆ ಎತ್ತಿಯೂ ನೋಡುವುದಿಲ್ಲ. ಆ ಮಟ್ಟಿಗೆ ರಾಜಸತ್ತೆ ಮುಂದಿತ್ತು ಎನ್ನಲೇಬೇಕು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮಶಾಹಿ ಮುಗಿಯಿತು. 1952ರಲ್ಲಿ ಮೊದಲ ಚುನಾವಣೆ ನಡೆದು 175 ಸದಸ್ಯರ ಹೈದರಾಬಾದ್ ವಿಧಾನಸಭೆ ಬಂತು. ಬೂರ್ಗುಲ ರಾಮಕೃಷ್ಣ ರಾವ್ ಮುಖ್ಯಮಂತ್ರಿಯಾದರು. ಸಭೆ ಸೇರಲು ಜಾಗ ಬೇಕಲ್ಲ, ಟೌನ್‌ಹಾಲ್ ಹೇಗೂ ಸಿದ್ಧವಾಗಿತ್ತು. ಜನ ಕೂಡಲೆಂದು ಜನ ಕಟ್ಟಿದ ಜಾಗಕ್ಕೆ ಜನಪ್ರತಿನಿಧಿಗಳು ಬಂದರು, ಜನ ಹೊರಗೆ ನಡೆದರು. ಈ ಮನೆ ಖಾಲಿ ಮಾಡಿಸುವ ಕೆಲಸ ಎಷ್ಟು ನಯವಾಗಿ ನಡೆಯಿತೆಂದರೆ, ಹೊರಗೆ ಹೋದವರೇ ಹಾರ ಹಾಕಿ ಒಳಗೆ ಬಂದವರನ್ನು ಸ್ವಾಗತಿಸಿದರು. ಪ್ರತಿ ಐದು ವರ್ಷಕ್ಕೊಮ್ಮೆ ಈಗಲೂ ಸ್ವಾಗತಿಸುತ್ತಿದ್ದಾರೆ.

ಆಗ ಹೈದರಾಬಾದ್ ರಾಜ್ಯಕ್ಕೆ 16 ಜಿಲ್ಲೆ. ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು: ಬೀದರ, ಗುಲ್ಬರ್ಗ, ರಾಯಚೂರು. ಹಾಗಾಗಿ ಆ ಗುಮ್ಮಟದ ಕೆಳಗೆ ನಾಲ್ಕು ವರ್ಷ ಕನ್ನಡಿಗರಿಗೂ ಅಧಿಕೃತವಾಗಿ ಕುರ್ಚಿಯಿತ್ತು. ಗದ್ವಾಲವೂ ಆಲಂಪುರವೂ ಆಗ ರಾಯಚೂರು ಜಿಲ್ಲೆಯ ತಾಲೂಕುಗಳು. ಕೊಡಂಗಲ್, ತಾಂಡೂರು ಗುಲ್ಬರ್ಗದ್ದು. ಜಹೀರಾಬಾದ್, ನಾರಾಯಣಖೇಡ ಬೀದರದ್ದು. ನಾರಾಯಣಪೇಟೆ, ಮಕ್ತಲ್ ಮಹಬೂಬ್‌ನಗರದಲ್ಲಿದ್ದರೂ ಸಂತೆ, ಸಂಬಂಧ, ಸಾಲ ಮೂರೂ ಕೃಷ್ಣೆಯ ಆ ದಂಡೆಯಲ್ಲಿ, ರಾಯಚೂರಿನ ಕಡೆ.

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂತು. ತೆಲಂಗಾಣವನ್ನು ಸದ್ಯಕ್ಕೆ ಬೇರೆಯಾಗಿಯೇ ಇಡಿ, 1961ರ ಹೊತ್ತಿನ ಚುನಾವಣೆಯಾದ ಮೇಲೆ ಅಲ್ಲಿನ ಸಭೆ ಮೂರನೇ ಎರಡು ಬಹುಮತದಿಂದ ಒಪ್ಪಿದರೆ ಆಂಧ್ರದ ಜೊತೆ ಸೇರಿಸಿ ಎಂದು ಫಜಲ್ ಅಲಿಯವರ ಆಯೋಗ ಹೇಳಿತು. ಟೌನ್‌ಹಾಲಿನಲ್ಲಿ ಚರ್ಚೆ ನಡೆಯಿತು. ಅಭಿಪ್ರಾಯ ಹೇಳಿದ 147 ಸದಸ್ಯರಲ್ಲಿ 103 ಮಂದಿ ಕೂಡಲೇ ಸೇರಿಸಿ ಎಂದರು, 29 ಮಂದಿ ಬೇಡ ಎಂದರು, 15 ಮಂದಿ ತಟಸ್ಥರು. ಆ 103ರಲ್ಲಿ ಕನ್ನಡ ಮತ್ತು ಮರಾಠಿ ಸದಸ್ಯರೂ ಇದ್ದರು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮೈಸೂರಿಗೂ ಮುಂಬೈಗೂ ಹೋಗಲು ಗಂಟುಮೂಟೆ ಕಟ್ಟಿ ಹೊಸ್ತಿಲಲ್ಲಿ ನಿಂತವರು, ತಾವು ಬಿಟ್ಟು ಹೋಗುವ ಮನೆಯಲ್ಲಿ ಮುಂದೆ ಯಾರ ಜೊತೆ ಯಾರು ಇರಬೇಕು ಎಂದು ತೀರ್ಮಾನಿಸಿ ಹೋದರು. ಉಳಿಯುವ ಹಳ್ಳಿಗಳ ಕನ್ನಡದವರನ್ನು ಒಂದು ಮಾತು ಕೇಳಿದ್ದರೋ ಎಂದರೆ, ಪಾಪ, ಅಷ್ಟು ಗಡಿಬಿಡಿಯಲ್ಲಿ ಯಾರಿಗೆ ನೆನಪಾಗುತ್ತದೆ?

1956ರ ಫೆಬ್ರುವರಿ 20ರಂದು ಆಂಧ್ರ ಮತ್ತು ತೆಲಂಗಾಣದ ಮುಖಂಡರು ದಿಲ್ಲಿಯಲ್ಲಿ ಕೂತು ‘ಸಜ್ಜನರ ಒಪ್ಪಂದ’ಕ್ಕೆ ಸಹಿ ಹಾಕಿದರು. ಸಹಿ ಬಿದ್ದದ್ದು ಹೈದರಾಬಾದ್ ಹೌಸಿನಲ್ಲಿ, ಅಂದರೆ ನಿಜಾಮರು ದಿಲ್ಲಿಯಲ್ಲಿ ಕಟ್ಟಿಸಿಕೊಂಡಿದ್ದ ಅರಮನೆಯಲ್ಲಿ. ಊರಲ್ಲಿ ನಾವು ಕೊಟ್ಟ ಟೌನ್‌ಹಾಲ್ ಇದ್ದರೂ ನಮ್ಮ ಹಣೆಬರಹ ಬರೆಯಲು ಅವರ ಮನೆಯೇ ಬೇಕಾಯಿತು. ಸಹಿ ಹಾಕಿದವರು ಎಷ್ಟು ಸಜ್ಜನರಾಗಿದ್ದರು ಎಂಬುದಕ್ಕೆ 1969ರ ತೆಲಂಗಾಣ ಚಳವಳಿಯಲ್ಲಿ ಬೀದಿಗೆ ಬಿದ್ದ ಹೆಣಗಳು ಸಾಕ್ಷಿ. ಆಗ ಸತ್ತವರ ಸ್ಮಾರಕ ಸ್ತೂಪ ಅಸೆಂಬ್ಲಿಯ ಎದುರಿನ ಗನ್ ಪಾರ್ಕಿನಲ್ಲಿದೆ. ಒಳಗಿರುವವರಿಗೆ ಕಿಟಕಿಯಿಂದ ನೋಡಲು ಅನುಕೂಲ.

1956ರ ನವೆಂಬರ್ 1ರಂದು ನಕ್ಷೆಯ ಮೇಲೆ ಕತ್ತರಿ ಆಡಿತು. ಮೂರೂ ಕನ್ನಡ ಜಿಲ್ಲೆಗಳು ಮೈಸೂರಿಗೆ ಹೋದವು, ಆದರೆ ಗದ್ವಾಲ, ಆಲಂಪುರ, ಕೊಡಂಗಲ್, ತಾಂಡೂರು, ಜಹೀರಾಬಾದಿನ ಬಹುಭಾಗ, ನಾರಾಯಣಖೇಡ ಆಂಧ್ರಪ್ರದೇಶಕ್ಕೆ ಬಂದವು. ಗದ್ವಾಲ ಸಂಸ್ಥಾನದಲ್ಲಿ ತೆಲುಗು ವಿದ್ವಾಂಸರಿಗೆ ದೊಡ್ಡ ಆಶ್ರಯವಿತ್ತು, ಅದು ತೆಲುಗಿನ ಕಡೆ ಹೋದದ್ದಕ್ಕೆ ತಕರಾರಿಲ್ಲ. ತಕರಾರಿರುವುದು ಕತ್ತರಿ ಆಡಿದ ರೀತಿಗೆ. ನಾರಾಯಣಪೇಟೆಯ ಮಗ್ಗದಲ್ಲಿ ಒಂದೇ ಹಾಸಿನಲ್ಲಿ ಎಂಟು ಸೀರೆಯ ನೂಲು ಏರಿಸುತ್ತಾರೆ. ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವಲ್ಲಿ ನೇಯದೆ ಬರೀ ನೂಲು ಬಿಡುತ್ತಾರೆ. ಎಂಟೂ ಮುಗಿದ ಮೇಲೆ ಕತ್ತರಿ ಹೋಗುವುದು ಅಲ್ಲಿ ಮಾತ್ರ. ಇದನ್ನು ವಿವರಿಸುತ್ತ ನಮ್ಮ ಓಣಿಯ ಮಗ್ಗದ ಕಾಕಾ ಒಮ್ಮೆ ಅಂದರು: “ನಾವು ಅಕ್ಷರ ಬರದವ್ರು, ಆದ್ರ ಜಾಗಾ ನೋಡಿ ಕೊಯ್ತೀವ್ರೀ. ಅವ್ರು ಬ್ಯಾರಿಸ್ಟರ್ ಓದಿದವ್ರು, ಸೆರಗಿನ ನಡುವ ಕತ್ರಿ ಹಾಕ್ಯಾರ.”

ಕೊಯ್ದ ಮೇಲೆ ಉಳಿದ ಎಳೆಗಳನ್ನು ನೋಡಬೇಕಿದ್ದರೆ ಕೃಷ್ಣಾ ಮಂಡಲಕ್ಕೆ ಬನ್ನಿ. ರೈಲ್ವೆ ಸ್ಟೇಷನ್ನಿಗೂ ನದಿಗೂ ಮಂಡಲಕ್ಕೂ ಒಂದೇ ಹೆಸರು, ಮನೆಯೊಳಗೆ ಕನ್ನಡ, ಬೋರ್ಡಿನ ಮೇಲೆ ತೆಲುಗು, ಜಗಳಕ್ಕೆ ಉರ್ದು. ಈ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇವೆ. 2018ರ ಮಾರ್ಚಿನಲ್ಲಿ ತೆಲಂಗಾಣ ವಿಧಾನಸಭೆ ಎಲ್ಲ ಶಾಲೆಗಳಲ್ಲೂ ತೆಲುಗು ಕಲಿಯುವುದು ಕಡ್ಡಾಯ ಎಂದು ಕಾನೂನು ಮಾಡಿತು. ರಾಜ್ಯದ ಭಾಷೆ ಕಲಿಯಬಾರದು ಎಂದು ಯಾರೂ ಹೇಳುವುದಿಲ್ಲ. ನಮ್ಮ ಹುಡುಗರು ಕಾನೂನು ಬರುವ ಮೊದಲೇ ತೆಲುಗು, ಉರ್ದು ಎರಡನ್ನೂ ಓಣಿಯಲ್ಲೇ ಕಲಿತಿದ್ದರು. ಗೋಲಿ ಆಡುವಾಗ ಮೋಸ ಹೋಗಬಾರದಲ್ಲ! ಆದರೆ ಆ ಸಭಾಂಗಣದ ಅಂಗಳದಲ್ಲಿ ಒಂದು ಕಾಲಕ್ಕೆ ಕನ್ನಡಕ್ಕೂ ಕುರ್ಚಿಯಿತ್ತು ಎಂದು ಅವತ್ತು ಯಾರಾದರೂ ಎದ್ದು ನಿಂತು ನೆನಪಿಸಬಹುದಿತ್ತು. ನೆನಪಿಸಬೇಕಾದವರ ಮೊಮ್ಮಕ್ಕಳು ಬೆಂಗಳೂರಿನ ವಿಧಾನಸೌಧದಲ್ಲಿ ಬೇರೆ ಜಗಳದಲ್ಲಿ ಮಗ್ನರಾಗಿದ್ದರು.

ಈಗ ಈ ಹಾಲಿನ ಮಾತಿಗೆ ಇರುವ ಬೆಲೆಯನ್ನು ಲೆಕ್ಕ ಹಾಕೋಣ. 1955ರಲ್ಲಿ ಆಯೋಗ ತಾಳಿ ಎಂದಿತು, ಹಾಲ್ ತಡೆಯಲಾರೆವು ಎಂದಿತು. ದಿಲ್ಲಿ ಹಾಲಿನ ಮಾತನ್ನು ನೆಪ ಮಾಡಿಕೊಂಡು ಸೇರಿಸಿತು. 2014ರ ಜನವರಿ 30ರಂದು ಅದೇ ಅಂಗಳದಲ್ಲಿ ಆಂಧ್ರಪ್ರದೇಶದ ವಿಧಾನಸಭೆ ರಾಜ್ಯ ವಿಭಜನೆಯ ಮಸೂದೆಯನ್ನು ಧ್ವನಿಮತದಿಂದ ತಿರಸ್ಕರಿಸಿತು. ಮುಂದಿನ ತಿಂಗಳೇ ಸಂಸತ್ತು ಅದನ್ನು ಪಾಸು ಮಾಡಿ, ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ರಾಜ್ಯದ ಎಲ್ಲೆ ಬದಲಿಸಲು ಸಂವಿಧಾನದ 3ನೇ ವಿಧಿ ಕೇಳುವುದು ವಿಧಾನಸಭೆಯ ಅಭಿಪ್ರಾಯವನ್ನು ಮಾತ್ರ, ಒಪ್ಪಿಗೆಯನ್ನಲ್ಲ. ದಿಲ್ಲಿಗೆ ಬೇಕಾದಾಗ ಅದೇ ಹಾಲು ಜನರ ದನಿ, ಬೇಡವಾದಾಗ ಬರೀ ಗದ್ದಲ. ನಾವು ಪಾಸಿಲ್ಲದೆ ಅಸೆಂಬ್ಲಿ ಗೇಟಿನಲ್ಲಿ ನಿಂತಂತೆ ನಮ್ಮ ಶಾಸಕರು ದಿಲ್ಲಿಯ ಗೇಟಿನಲ್ಲಿ ನಿಂತಿದ್ದಾರೆ ಎಂದು ತಿಳಿದರೆ ನಮಗೂ ಕೊಂಚ ಸಮಾಧಾನ.

ವಿಭಜನೆ ಆದ ಮೇಲೆ ಇನ್ನೂ ಸೊಗಸು. ಹೈದರಾಬಾದು ಹತ್ತು ವರ್ಷ ಎರಡೂ ರಾಜ್ಯಗಳ ರಾಜಧಾನಿಯಾಗಿತ್ತು. 1980ರ ದಶಕದಲ್ಲಿ ಹಳೆ ಟೌನ್‌ಹಾಲಿನ ಪಕ್ಕಕ್ಕೆ ಅದರದೇ ಧಾಟಿಯ ಹೊಸ ಸಭಾಂಗಣವೊಂದು ಎದ್ದಿತ್ತು. ಆದ್ದರಿಂದ ಒಂದೇ ಕಾಂಪೌಂಡಿನಲ್ಲಿ ಎರಡು ವಿಧಾನಸಭೆಗಳು ನಡೆದವು. ಆಂಧ್ರದವರು 2017ರ ಮಾರ್ಚಿನಲ್ಲಿ ತಮ್ಮ ವೆಲಗಪೂಡಿಗೆ ಗಂಟು ಕಟ್ಟಿದರು. ನಾರಾಯಣಪೇಟೆಯಲ್ಲಿ ಹುಟ್ಟಿ, ಓಣಿ ಬಿಟ್ಟು ಕದಲದ ಅಜ್ಜಿಯೊಬ್ಬಳು ಈ ಹೊತ್ತಿಗೆ ನಿಜಾಮನ ಸಂಸ್ಥಾನ, ಹೈದರಾಬಾದ್ ರಾಜ್ಯ, ಆಂಧ್ರಪ್ರದೇಶ, ತೆಲಂಗಾಣ ನಾಲ್ಕನ್ನೂ ಸುತ್ತಿ ಬಂದಿದ್ದಳು. 2019ರ ಫೆಬ್ರುವರಿ 17ರಂದು ಮಹಬೂಬ್‌ನಗರ ಜಿಲ್ಲೆಯಿಂದಲೂ ಬಿಡಿಸಿ ನಾರಾಯಣಪೇಟೆಯನ್ನೇ ಜಿಲ್ಲೆ ಮಾಡಿದರು. ಅಜ್ಜಿಯ ನಳಕ್ಕೆ ನೀರು ಬರುವ ಹೊತ್ತು ಮಾತ್ರ ಯಾವ ಸರ್ಕಾರದಲ್ಲೂ ಬದಲಾಗಲಿಲ್ಲ.

ಹೊಸ ರಾಜ್ಯಕ್ಕೆ ಹಳೆ ಟೌನ್‌ಹಾಲ್ ಸಾಲದಾಯಿತು. 119 ಶಾಸಕರಿಗೆ ಎಷ್ಟು ಜಾಗ ಬೇಕು ಎಂದು ಕೇಳಬೇಡಿ, ಪ್ರಶ್ನೆ ಜಾಗದ್ದಲ್ಲ, ಹೆಸರು ಕೆತ್ತುವ ಕಲ್ಲಿನದು. ಎರ್ರಂ ಮಂಜಿಲ್ ಎಂಬ, ಸುಮಾರು 1870ರ ಕಾಲದ ನವಾಬ ಫಖ್ರುಲ್ ಮುಲ್ಕರ ಅರಮನೆಯನ್ನು ಕೆಡವಿ ಅಲ್ಲಿ ಹೊಸ ವಿಧಾನಸಭೆ ಕಟ್ಟುವುದೆಂದು ನಿರ್ಧಾರವಾಯಿತು. 2019ರ ಜೂನ್ 27ರಂದು ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಭೂಮಿಪೂಜೆಯನ್ನೂ ಮಾಡಿದರು. ಸೆಪ್ಟೆಂಬರ್ 16ಕ್ಕೆ ಹೈಕೋರ್ಟು ಸಂಪುಟದ ಆ ತೀರ್ಮಾನವನ್ನು ರದ್ದು ಮಾಡಿತು. ಹೀಗೆ ನವಾಬರ ಅರಮನೆ ಉಳಿಯಿತು, ಅದರ ಜೊತೆಗೆ ನಮ್ಮ ಟೌನ್‌ಹಾಲಿನ ಕೆಲಸವೂ ಉಳಿಯಿತು. ಕಟ್ಟಡಕ್ಕೆ ನೂರು ದಾಟಿದ ಮೇಲೂ ನಿವೃತ್ತಿ ಇಲ್ಲ.

ಸಚಿವಾಲಯಕ್ಕೆ ಅಂಥ ಅದೃಷ್ಟವಿರಲಿಲ್ಲ. ಅದಕ್ಕೆ ವಾಸ್ತು ಸರಿಯಿಲ್ಲ ಎಂಬ ಮಾತು ಬಹಳ ದಿನದಿಂದ ಊರೆಲ್ಲ ಸುತ್ತುತ್ತಿತ್ತು. 2020ರ ಜುಲೈಯಲ್ಲಿ ಕೆಡವಿದರು, 2023ರ ಏಪ್ರಿಲ್ 30ಕ್ಕೆ ಹೊಸದರ ಉದ್ಘಾಟನೆ ಮುಗಿಯಿತು. ಕೆಡವಿ ಕಟ್ಟಿ ಒಳಗೆ ಹೋಗಿ ಕೂರಲು ಮೂರು ವರ್ಷವೂ ಹಿಡಿಯಲಿಲ್ಲ. ಸರ್ಕಾರಕ್ಕೆ ಚುರುಕಿಲ್ಲ ಎಂದವರ ಬಾಯಿಗೆ ಬೀಗ ಬಿತ್ತು. ಅದೇ ಸರ್ಕಾರಗಳ ಚುರುಕನ್ನು ನಮ್ಮ ಕಡೆ ನೋಡಿ. ನಾರಾಯಣಪೇಟೆ–ಕೊಡಂಗಲ್ ಏತ ನೀರಾವರಿಗೆ ಸರ್ಕಾರಿ ಆದೇಶ ಆದದ್ದು 2014ರಲ್ಲಿ, ಅಡಿಗಲ್ಲು ಬಿದ್ದದ್ದು 2024ರಲ್ಲಿ. ಮುನಿರಾಬಾದ್–ಮಹಬೂಬ್‌ನಗರ ರೈಲುಮಾರ್ಗ ಮಂಜೂರಾದದ್ದು 1997–98ರಲ್ಲಿ, ಅದರ ಜಕ್ಲೇರ್–ಕೃಷ್ಣಾ ತುಂಡಿನ ಮೇಲೆ ರೈಲಿಗೆ ಹಸಿರು ಬಾವುಟ ಬೀಸಿದ್ದು 2023ರ ಅಕ್ಟೋಬರ್ 1ರಂದು. ಮೂಸಿ ಉಕ್ಕಿದರೂ ಟೌನ್‌ಹಾಲಿಗೆ ಎಂಟು ವರ್ಷ, ಕುರ್ಚಿಗೆ ಮೂರು ವರ್ಷ, ನೀರಿನ ಅಡಿಗಲ್ಲಿಗೇ ಹತ್ತು ವರ್ಷ, ರೈಲಿಗೆ 25 ವರ್ಷಕ್ಕೂ ಮೇಲು. ನೀರಿಗೂ ರೈಲಿಗೂ ಯಾರೋ ವಾಸ್ತು ನೋಡಿಸಿಲ್ಲ, ಅದೇ ತಪ್ಪಾಗಿದೆ.

1956ರಲ್ಲಿ ಗುಲ್ಬರ್ಗದಿಂದ ಬಿಡಿಸಿದ ಕೊಡಂಗಲ್ಲಿನ ಶಾಸಕರಾದ ರೇವಂತ್ ರೆಡ್ಡಿಯವರೇ 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದರು. ಕಲಬುರಗಿಯವರು ಬೇಕಾದರೆ ‘ನಮ್ಮ ಹಳೇ ತಾಲೂಕಿನವರು’ ಎಂದು ಮೀಸೆ ತಿರುವಬಹುದು, ಅದಕ್ಕೆ ಜಿಎಸ್‌ಟಿ ಇಲ್ಲ.

ಗಡಿಯಾಚೆ ಕನ್ನಡದ ಸರ್ಕಾರ ಇರುವಲ್ಲಿ ಟೌನ್‌ಹಾಲುಗಳು ಸುಖವಾಗಿವೆ ಎಂದು ನಮ್ಮಲ್ಲಿ ಕೆಲವರು ನಿಟ್ಟುಸಿರು ಬಿಡುತ್ತಾರೆ. ಅವರ ಸಮಾಧಾನಕ್ಕೆ ಹೇಳುತ್ತೇನೆ. ಮೈಸೂರಿನ ಪುರಭವನಕ್ಕೆ 1884ರಲ್ಲಿ ಅಡಿಗಲ್ಲು ಬಿದ್ದದ್ದು ದಿವಾನ ರಂಗಾಚಾರ್ಲು ಅವರ ನೆನಪಿಗೆ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿ, ಜನ ಬಂದು ಕೂತು ಮಾತಾಡಲಿ ಎಂದ ಮನುಷ್ಯ ಅವರು. ಆ ಪುರಭವನದ ಮುಂದೆ ಕಾರುಗಳು ಬಂದು ನಿಲ್ಲಲಿ ಎಂದು ನೆಲ ಅಗೆದು, ಹತ್ತು ವರ್ಷ ದಾಟಿದರೂ ಪಾರ್ಕಿಂಗ್ ಮುಗಿಸದೆ ಎಳೆದರು. ಬೆಂಗಳೂರಿನಲ್ಲಿ ಸರ್ ಪುಟ್ಟಣ್ಣ ಚೆಟ್ಟಿಯವರ ಹೆಸರಿನ ಪುರಭವನ 1935ರದು, ಚೆಟ್ಟರೇ ದೊಡ್ಡ ಮೊತ್ತದ ದಾನ ಕೊಟ್ಟಿದ್ದರು. ಅದರ ಮೆಟ್ಟಿಲ ಮೇಲೆ ದಶಕಗಳ ಕಾಲ ಕನ್ನಡನಾಡಿನ ಎಲ್ಲ ಸಿಟ್ಟೂ ಕೂತು ಎದ್ದು ಹೋಗಿದೆ. ಈಗ ಅಲ್ಲಿ ಕೂರುವಂತಿಲ್ಲ. ಪ್ರತಿಭಟಿಸುವವರೆಲ್ಲ ಫ್ರೀಡಂ ಪಾರ್ಕಿಗೇ ಹೋಗಬೇಕೆಂದು 2021ರಲ್ಲಿ ಆದೇಶ ಹೊರಟಿತು. ಫ್ರೀಡಂ ಪಾರ್ಕ್ ಅಂದರೆ ಹಳೆಯ ಸೆಂಟ್ರಲ್ ಜೈಲು. ಮುಂಚೆ ಪ್ರತಿಭಟಿಸಿದ ಮೇಲೆ ಜೈಲಿಗೆ ಒಯ್ಯುತ್ತಿದ್ದರು, ಈಗ ಜೈಲಿನಲ್ಲೇ ಪ್ರತಿಭಟಿಸಿದರೆ ಪೊಲೀಸರಿಗೆ ವ್ಯಾನಿನ ಡೀಸೆಲ್ ಉಳಿಯುತ್ತದೆ. ಆಡಳಿತ ಸುಧಾರಣೆ ಎಂದರೆ ಇದು.

ಹೀಗಾಗಿ ಟೌನ್‌ಹಾಲಿನ ಚರಿತ್ರೆಗೆ ಭಾಷೆಯ ಭೇದವಿಲ್ಲ. ಊರವರು ಕಟ್ಟುತ್ತಾರೆ, ಚೆನ್ನಾಗಿ ಕಂಡರೆ ಸರ್ಕಾರ ಒಳಗೆ ಬರುತ್ತದೆ, ಬಂದ ಮೇಲೆ ಗೇಟು ಹಾಕುತ್ತದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಮ್ಮ ಕಡೆಯವನೊಬ್ಬ ತನ್ನ ಅಜ್ಜ-ಮುತ್ತಜ್ಜಂದಿರ ಸೀಮೆಯ ಟೌನ್‌ಹಾಲನ್ನು ಕಣ್ಣಾರೆ ನೋಡಬೇಕೆಂದರೆ ಮಾಡಬೇಕಾದದ್ದಿಷ್ಟು. ಮೊದಲು ಶಾಸಕರ ಶಿಫಾರಸು ಚೀಟಿ. ಅದಕ್ಕೆ ಅವರ ಪಿಎ ಸಿಗಬೇಕು. ಪಿಎ ಸಿಗಬೇಕಾದರೆ ಪಿಎಯ ಭಾವಮೈದುನ ಸಿಗಬೇಕು. ಚೀಟಿ, ಆಧಾರ್ ಹಿಡಿದು ಗೇಟಿಗೆ ಹೋದರೆ ಮೊಬೈಲ್ ಕೌಂಟರಿನಲ್ಲಿ ಬಿಡಬೇಕು, ಜೇಬು ತಡವಿಸಿಕೊಳ್ಳಬೇಕು. ಗ್ಯಾಲರಿಗೆ ಹೋದ ಮೇಲೆ ಮಾತಾಡುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಎದ್ದು ನಿಲ್ಲುವಂತಿಲ್ಲ. ಇವೆಲ್ಲವನ್ನೂ ಮಾಡುವ ಹಕ್ಕು ಕೆಳಗೆ ಕೂತವರದು. ಅವರು ಮೈಕು ಎಳೆದಾಡಿದರೆ ಅದು ಸದನದ ಕಲಾಪ, ಮೇಲೆ ಕೂತವನು ಕೆಮ್ಮಿದರೆ ಸದನಕ್ಕೆ ಅಗೌರವ.

ಈ ಎಲ್ಲ ಅನುಭವದ ಸಾರ ಹಿಂಡಿ ನಾರಾಯಣಪೇಟೆಯ ಚಾ ಅಂಗಡಿಯೊಂದರಲ್ಲಿ ನಾವು ಕೆಲವರು ಸರ್ಕಾರಕ್ಕೊಂದು ದರಖಾಸ್ತು ಸಿದ್ಧಪಡಿಸಿದ್ದೇವೆ. ಜಿಲ್ಲೆಯಾದ ಮೇಲೆ ನಮ್ಮೂರಿಗೂ ಒಂದು ಹೊಸ ಟೌನ್‌ಹಾಲ್ ಬೇಕು. ಷರತ್ತುಗಳು ಹೀಗಿವೆ:

ಒಂದು, ಅದನ್ನು ಯಾರ ಹುಟ್ಟುಹಬ್ಬಕ್ಕೂ ಕಟ್ಟಬಾರದು. ಮುಗಿಯುವ ತನಕ ಅವರು ಇರುತ್ತಾರೆಂಬ ಖಾತ್ರಿಯನ್ನು ನಮ್ಮ ಗುತ್ತಿಗೆದಾರರು ಕೊಡಲಾರರು.

ಎರಡು, ಗುಮ್ಮಟ ಬೇಡ, ಕಮಾನು ಬೇಡ. ಚಂದ ಕಂಡರೆ ಯಾರಾದರೂ ಮಂತ್ರಿ ಒಳಗೆ ಬಂದು ಕೂತಾರು.

ಮೂರು, ಅಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಯಾವುದರಲ್ಲಾದರೂ ಬೈಯಬಹುದು. ಅನುವಾದಕರು ಬೇಡ. ಈ ಸೀಮೆಯಲ್ಲಿ ಬೈಗುಳ ಎಲ್ಲರಿಗೂ ಮೂಲದಲ್ಲೇ ತಿಳಿಯುತ್ತದೆ.

ನಾಲ್ಕು, ಮದುವೆಗೆ, ನಾಟಕಕ್ಕೆ, ನೇಕಾರರ ಸಭೆಗೆ, ಬೆಳೆವಿಮೆಯವರ ಮೇಲಿನ ಜಗಳಕ್ಕೆ ಒಂದೇ ಬಾಡಿಗೆ. ಪಾಸು ಕೇಳುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಊಟದ ಪಂಕ್ತಿಯ ಬಾಗಿಲಲ್ಲಿ ನಿಂತ ಮದುಮಗಳ ತಂದೆಗೆ ಮಾತ್ರ.

ಐದನೆಯದನ್ನು ಸೇರಿಸಿದವರು ಮಗ್ಗದ ಕಾಕಾ. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಇದೇ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆಸಿದರು. ಹೆಬ್ಬಾಗಿಲು ಕಡ್ಡಾಯವಾಗಿ ದಕ್ಷಿಣಕ್ಕೇ ಇರಬೇಕು, ಈಶಾನ್ಯದಲ್ಲಿ ಪಾಯಖಾನೆ ಇರಬೇಕು, ವಾಸ್ತು ಪಂಡಿತರು ನೋಡಿದ ಕೂಡಲೇ ಎದೆ ಬಡಿದುಕೊಳ್ಳುವಷ್ಟು ದೋಷ ಇರಬೇಕು. ಇಲ್ಲವಾದರೆ ಎಂಥ ಸೂರನ್ನೂ ಸರ್ಕಾರದ ಕೈಯಿಂದ ಉಳಿಸಿಕೊಳ್ಳಲು ಆಗುವುದಿಲ್ಲ.